ಗಲಗಲ ಎಂದರೆ ಮೊಳೆಯದು

ಚಿಪ್ಪು ಒಡೆಯದ ಜಾಯಿಕಾಯಿಯೊಂದು ಸಿಕ್ಕರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಒಳಗೆ ಗಲಗಲ ಎಂದರೆ ಮಸಾಲೆಗೆ ಅದು ಸಿದ್ಧ, ಬಿತ್ತನೆಗೆ ಮಾತ್ರ ಬರದು. ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಟ್ಟುಕೊಂಡಾಗಲೇ ಆ ಸದ್ದು ಬರುವುದು. ಭತ್ತ, ರಾಗಿಯ ಬೀಜವನ್ನು ಚೆನ್ನಾಗಿ ಒಣಗಿಸಿದಷ್ಟೂ ಬಾಳಿಕೆ ಹೆಚ್ಚು. ಜಾಯಿಕಾಯಿಯದು ತದ್ವಿರುದ್ಧ: ಒಣಗಿತೋ, ಒಳಗಿನ ಭ್ರೂಣ ಸತ್ತಿತು.

ಕಾರಣ ಅದರ ಹುಟ್ಟೂರಿನಲ್ಲಿದೆ. ಇಂಡೋನೇಷ್ಯಾದ ಬಾಂಡಾ ದ್ವೀಪಗಳ ಕಾಡಿನಲ್ಲಿ ನೆಲ ಸದಾ ತೇವ. ಮಳೆಗಾಗಿ ತಿಂಗಳುಗಟ್ಟಲೆ ಕಾದು ಕೂರುವ ಉಪಾಯವನ್ನು ಬೀಜ ಕಲಿಯಬೇಕಾಗಿಯೇ ಬರಲಿಲ್ಲ. ಹಣ್ಣು ಬಿರಿದಾಗ ಕಡುಕಂದು ಬೀಜವನ್ನು ಬಲೆಯಂತೆ ಸುತ್ತಿಕೊಂಡ ಕಡುಗೆಂಪು ಜಾಪತ್ರೆ ಹೊಳೆಯುತ್ತದೆ. ಆ ಬಣ್ಣ ಕಾಡಿನ ದೊಡ್ಡ ಪಾರಿವಾಳಗಳಿಗೆ ಕೊಟ್ಟ ಕರೆ. ಅವು ಬೀಜವನ್ನು ಇಡಿಯಾಗಿ ನುಂಗಿ, ಜಾಪತ್ರೆಯನ್ನು ಅರಗಿಸಿಕೊಂಡು, ಬೀಜವನ್ನು ಬೇರೆಲ್ಲೋ ಹಾಕುತ್ತವೆ. ಜಾಪತ್ರೆ ಎಂದರೆ ಸಾಗಣೆಯ ಕೂಲಿ.

ಈ ದ್ವೀಪಗಳ ವ್ಯಾಪಾರವನ್ನು 17ನೇ ಶತಮಾನದಲ್ಲಿ ಹಿಡಿದಿಟ್ಟುಕೊಂಡ ಡಚ್ಚರು, ಕಾಯಿಗೆ ಸುಣ್ಣ ಹಚ್ಚಿಯೇ ಹೊರಗೆ ಕಳಿಸುತ್ತಿದ್ದರು. ಬೇರೆಯವರು ಬಿತ್ತಿ ಬೆಳೆದುಬಿಟ್ಟಾರು ಎಂಬ ಭಯವೂ ಅದಕ್ಕೊಂದು ಕಾರಣವೆನ್ನುತ್ತಾರೆ. ಪಾಪ, ಚಿಪ್ಪು ತೆಗೆದು ಒಣಗಿಸಿದ ತಿರುಳು ಸುಣ್ಣವಿಲ್ಲದೆಯೂ ಮೊಳೆಯುತ್ತಿರಲಿಲ್ಲ!

ಬೀಜದಿಂದ ಬೆಳೆಸುವುದಾದರೆ ಮರದಲ್ಲೇ ಬಿರಿದ ಹಣ್ಣಿನದೇ ಆಗಬೇಕು. ಜಾಪತ್ರೆ ಬಿಡಿಸಿ, ಚಿಪ್ಪು ಒಡೆಯದೆ, ಸಾಧ್ಯವಾದರೆ ಅದೇ ದಿನ ನೆರಳಿನ ಮರಳುಪಾತಿಯಲ್ಲಿ ಊರಬೇಕು. ಮೊಳಕೆಗೆ ಒಂದೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಕೆದಕಿ ನೋಡುವ ಚಪಲ ಬಂದೇ ಬರುತ್ತದೆ; ಕೈ ಕಟ್ಟಿಕೊಳ್ಳಿ.

ನಿಜವಾದ ತೊಡಕು ಸಸಿ ಎದ್ದ ಮೇಲೆ. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡು, ಮತ್ತು ಯಾವುದು ಯಾವುದೆಂದು ತಿಳಿಯುವುದು ಹೂ ಬಿಟ್ಟಾಗಲೇ. ಅದಕ್ಕೆ ಐದರಿಂದ ಎಂಟು ವರ್ಷ ಬೇಕು. ಎಲೆಯ ಆಕಾರ ನೋಡಿಯೇ ಹೇಳುತ್ತೇನೆ ಎನ್ನುವವರಿದ್ದಾರೆ. ನಾನಂತೂ ನಂಬುವುದಿಲ್ಲ, ಎರಡೇ ಉತ್ತರವಿರುವ ಪ್ರಶ್ನೆಗೆ ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸರಿಯಾಗುತ್ತದೆ. ಹೂವಿನಲ್ಲಿ ಮಾತ್ರ ಗೊಂದಲವಿಲ್ಲ. ಎರಡೂ ಮೇಣದಲ್ಲಿ ಅದ್ದಿದಂಥ ತಿಳಿಹಳದಿಯ ಪುಟ್ಟ ಗಂಟೆಗಳೇ. ಬಿಡಿಸಿ ನೋಡಿದರೆ ಗಂಡಿನಲ್ಲಿ ನಡುವೆ ಸಣ್ಣ ಕೇಸರ ಸ್ತಂಭ, ಹೆಣ್ಣಿನಲ್ಲಿ ಉಬ್ಬಿದ ಅಂಡಾಶಯ. ಗಂಡು ಹೂಗಳು ಗೊಂಚಲಾಗಿ, ಹೆಣ್ಣು ಹೂಗಳು ಒಂಟಿಯಾಗಿಯೋ ಎರಡು ಮೂರಾಗಿಯೋ ಇರುತ್ತವೆ. ಪರಾಗ ಸಾಗಿಸುವವು ಹೆಚ್ಚಾಗಿ ಪುಟಾಣಿ ಜೀರುಂಡೆಗಳು. ಹತ್ತು ಹೆಣ್ಣಿಗೆ ಒಂದು ಗಂಡು ಮರವಿದ್ದರೆ ಸಾಕು.

ಆದ್ದರಿಂದಲೇ ಕಸಿ ಗಿಡ. ಹೆಣ್ಣು ಮರದ ಕುಡಿಯನ್ನು ಎಳೆಯ ಸಸಿಗೆ ಕಸಿ ಕಟ್ಟಿದರೆ ಲಿಂಗದ ಜೂಜು ಮುಗಿಯಿತು, ಫಸಲೂ ಬೇಗ. ಆದರೆ ಇಲ್ಲೂ ಒಂದು ಗುಟ್ಟಿದೆ. ಈ ಮರದಲ್ಲಿ ನೇರ ಮೇಲಕ್ಕೇಳುವ ಕುಡಿಗಳೂ ಪಕ್ಕಕ್ಕೆ ಚಾಚುವ ಕೊಂಬೆಗಳೂ ಬೇರೆ ಬೇರೆ. ಪಕ್ಕದ ಕೊಂಬೆಯ ತುದಿಯನ್ನು ತಂದು ಕಸಿ ಕಟ್ಟಿದರೆ, ಗೂಟಕ್ಕೆ ಕಟ್ಟಿ ನಿಲ್ಲಿಸಿದರೂ ಅದು ತನ್ನ ಹಳೆಯ ಚಾಳಿ ಬಿಡದೆ ಅಡ್ಡಕ್ಕೇ ಬೆಳೆಯುತ್ತದೆ, ಮರವಾಗದೆ ಪೊದೆಯಾಗುತ್ತದೆ. ಮೇಲ್ಮುಖದ ಕುಡಿಯ ಕಸಿ ಕಾಂಡ ಬಿಟ್ಟು ನೆಟ್ಟಗೆ ಏಳುತ್ತದೆ. ಎರಡರ ಜೀನುಗಳೂ ಒಂದೇ, ಬೆಳೆಯುವ ದಿಕ್ಕಿನ ನೆನಪು ಬೇರೆ. ಮೇಲ್ಮುಖದ ಕುಡಿಗಳು ಒಂದು ಮರದಲ್ಲಿ ಸಿಗುವುದೇ ಕಡಿಮೆ, ಅದಕ್ಕೇ ಅಂಥ ಸಸಿಗೆ ಬೇಡಿಕೆ ಹೆಚ್ಚು. ಕೊಳ್ಳುವಾಗ ಎಲೆಗಳ ಹಚ್ಚಹಸಿರಿಗೆ ಮರುಳಾಗುವ ಬದಲು, ಕುಡಿ ಎತ್ತ ನೋಡುತ್ತಿದೆ ಎಂದು ಗಮನಿಸಿ.

ಇಷ್ಟು ಸರಿಹೋದರೆ ಉಳಿದ ಆರೈಕೆ ದೊಡ್ಡದಲ್ಲ. ಎಳೆಯ ಗಿಡಕ್ಕೆ ಸುಮಾರು ಅರ್ಧ ನೆರಳು ಬೇಕು, ನೇರ ಬಿಸಿಲಿಗೆ ಎಲೆ ಸುಟ್ಟುಹೋಗುತ್ತದೆ. ಆಹಾರ ಹೀರುವ ಬೇರುಗಳು ನೆಲದ ಮೇಲ್ಪದರದಲ್ಲೇ ಹರಡಿರುವುದರಿಂದ ಬುಡವನ್ನು ಅಗೆಯಬಾರದು. ಗೊಬ್ಬರ ಹರಡಿ ಮೇಲೆ ತರಗೆಲೆ ಹೊದಿಸಿದರೆ ಸಾಕು. ಬೇರು ಮೇಲೇ ಇರುವುದರಿಂದ ಬೇಸಿಗೆಯಲ್ಲಿ ನೀರು ತಪ್ಪಿಸುವಂತಿಲ್ಲ, ಮಳೆಗಾಲದಲ್ಲಿ ಬುಡದಲ್ಲಿ ನಿಲ್ಲಿಸುವಂತೆಯೂ ಇಲ್ಲ. ಎಳೆಗಾಯಿ ಕೊಳೆತು ಉದುರುವ ಶಿಲೀಂಧ್ರ ರೋಗಕ್ಕೆ ಮೈಲುತುತ್ತ, ಸುಣ್ಣ ನೀರಿನಲ್ಲಿ ಬೆರೆಸಿದ ಶೇ. 1ರ ಬೋರ್ಡೋ ದ್ರಾವಣ ಇಂದಿಗೂ ನಂಬಿಕಸ್ತ ಮದ್ದು.

ಹೂವಿನಿಂದ ಹಣ್ಣಾಗಲು ಆರರಿಂದ ಒಂಬತ್ತು ತಿಂಗಳು. ಬಿರಿದದ್ದನ್ನು ನೆಲಕ್ಕೆ ಬಿಡದೆ ಕೊಯ್ದರೆ ಬೂಸ್ಟು ಕಡಿಮೆ. ಒಣಗಿಸುವಾಗ ಅವಸರ ಬೇಡ. ತಿರುಳಿನಲ್ಲಿ ಶೇ. 25ರಿಂದ 40ರಷ್ಟು ಕೊಬ್ಬಿದೆ. ಸುಡುಬಿಸಿಲಿಗೋ ಹೆಚ್ಚಿನ ಶಾಖಕ್ಕೋ ಒಡ್ಡಿದರೆ ಅದು ಕರಗಿ, ಪರಿಮಳವೂ ಹಾರಿಹೋಗುತ್ತದೆ. ಹದವಾದ ಬೆಚ್ಚಗಿನಲ್ಲಿ ಚಿಪ್ಪು ಸಮೇತ ದಿನಾ ಮಗುಚುತ್ತ ಕಾಯಬೇಕು. ಜಾಪತ್ರೆಯ ಕೆಂಪು ಇಳಿದು ಹಳದಿಗೆ ತಿರುಗಿದ ಎಷ್ಟೋ ವಾರಗಳ ಮೇಲೆ, ಒಂದು ದಿನ ಕಾಯಿ ಅಲ್ಲಾಡಿಸಿದಾಗ ಆ ಗಲಗಲ ಕೇಳಿಸುತ್ತದೆ. ಬಿತ್ತನೆಗೆ ಬೇಕಾದವನ್ನು ಅದಕ್ಕೂ ಮೊದಲೇ ಎತ್ತಿಟ್ಟಿರಬೇಕು.