ಕಂಡಕ್ಟಿವ್ ಹಿಯರಿಂಗ್ ಲಾಸ್ ಅಂದ್ರೆ ಏನು?

ಒಂದು ಕಿವಿಯನ್ನು ಬೆರಳಿಂದ ಒತ್ತಿ ಮುಚ್ಚಿ, ಬಾಯಿ ಬಿಡದೆ 'ಮ್‌ಮ್' ಅನ್ನಿ. ದನಿ ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳುತ್ತೆ ಅಲ್ವಾ? ಕಂಡಕ್ಟಿವ್ ಹಿಯರಿಂಗ್ ಲಾಸ್ ಇರುವವರ ಪಾಡೂ ಹೆಚ್ಚುಕಡಿಮೆ ಇದೇ. ಒಳಗಿವಿ, ನರ ಚೆನ್ನಾಗಿರುತ್ತವೆ. ಕಿವಿಯ ತೂತು, ತಮಟೆ, ತಮಟೆಯ ಹಿಂದಿನ ಮೂರು ಪುಟಾಣಿ ಮೂಳೆಗಳು, ಇವುಗಳಲ್ಲಿ ಎಲ್ಲೋ ಸದ್ದಿಗೆ ತಡೆ ಬಿದ್ದಿರುತ್ತದೆ, ಅದಕ್ಕೇ ಹೊರಗಿನ ಸದ್ದು ಕಮ್ಮಿ ಕೇಳುತ್ತದೆ. ತಮ್ಮ ದನಿ ತಮಗೇ ಜೋರಾಗಿ ಕೇಳುವುದರಿಂದ ಕೆಲವರು ಮೆಲ್ಲಗೆ ಮಾತಾಡುತ್ತಾರೆ.

ತೀರಾ ಸಾಮಾನ್ಯ ಕಾರಣ ಗುಗ್ಗೆ. ಬಡ್ಸ್, ಹೇರ್‌ಪಿನ್, ಬೆಂಕಿಕಡ್ಡಿ ಹಾಕಿ ತೆಗೆಯಲು ಹೋಗಿ ನಾವೇ ಅದನ್ನು ಒಳಕ್ಕೆ ತಳ್ಳಿರುತ್ತೇವೆ. ತಲೆಸ್ನಾನ ಮಾಡಿದಾಗ ಅದು ನೀರು ಹೀರಿ ಉಬ್ಬುತ್ತದೆ, ಕಿವಿ ಪಟ್ಟನೆ ಕಟ್ಟಿಕೊಳ್ಳುತ್ತದೆ. ಕೆಲವು ದಿನ ಡ್ರಾಪ್ಸ್ ಹಾಕಿ ಮೆದು ಮಾಡಿ ಡಾಕ್ಟರ ಹತ್ತಿರ ತೆಗೆಸಿದರೆ ಮುಗಿಯಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಮಾತ್ರ ಬೇಡ, ಅಜ್ಜಿ ಹೇಳಿದರೂ ಬೇಡ. ತಮಟೆ ತೂತಾಗಿದ್ದರೆ ಅದು ನೇರ ಒಳಕ್ಕೆ ಇಳಿಯುತ್ತದೆ.

ಮಕ್ಕಳಲ್ಲಿ ಕಥೆ ಬೇರೆ. ನೆಗಡಿಯಿಂದಲೋ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಎಂಬ ಗಡ್ಡೆ ಊದಿಯೋ ತಮಟೆಯ ಹಿಂದೆ ನೀರು ತುಂಬುತ್ತದೆ. ನೋವಿಲ್ಲ, ಜ್ವರವಿಲ್ಲ, ಮಗು ಸುಮ್ನೆ ಟಿವಿ ಸೌಂಡ್ ಜಾಸ್ತಿ ಇಡುತ್ತದೆ, ಕರೆದರೆ ತಿರುಗುವುದಿಲ್ಲ, ಶಾಲೆಯಲ್ಲಿ 'ಗಮನ ಇಲ್ಲ' ಅನ್ನಿಸಿಕೊಳ್ಳುತ್ತದೆ. ಎಷ್ಟೋ ಮಕ್ಕಳಿಗೆ ಈ ನೀರು 3 ತಿಂಗಳೊಳಗೆ ತಾನಾಗೇ ಇಳಿಯುತ್ತದೆ. ಇಳಿಯದೆ ಕೇಳುವುದೂ ಕಮ್ಮಿಯಾಗಿದ್ದರೆ ತಮಟೆಯಲ್ಲಿ ಗ್ರೋಮೆಟ್ ಎಂಬ ಸಣ್ಣ ನಳಿಗೆ ಕೂರಿಸುತ್ತಾರೆ.

ಕಿವಿ ಸೋರುತ್ತಿದ್ದರೆ ತಮಟೆ ತೂತಾಗಿರಬಹುದು. ಪೆಟ್ಟಿನಿಂದಾದ ಸಣ್ಣ ತೂತು ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ, ಅಲ್ಲಿವರೆಗೆ ನೀರು ಹೋಗಬಾರದು. ಹಳೆಯದಾದರೆ ಕಿವಿಯ ಮೇಲ್ಭಾಗದ ಸ್ನಾಯುವಿನ ತೆಳು ಪೊರೆ ತೆಗೆದು ತೇಪೆ ಹಾಕುತ್ತಾರೆ. ಸೋರುವುದು ಕೆಟ್ಟ ವಾಸನೆ ಬಂದರೆ ತಡಮಾಡಬೇಡಿ, ಅದು ತಮಟೆಯ ಹಿಂದೆ ಚರ್ಮ ಬೆಳೆದು ಮೂಳೆ ಸವೆಸುವ ಕೊಲೆಸ್ಟಿಯಟೋಮಾ ಇರಬಹುದು, ಆಪರೇಷನ್ ಬೇಕಾಗುತ್ತದೆ. ಇನ್ನು ಕೆಲವರಲ್ಲಿ ಮೂರನೇ ಮೂಳೆ ಬಿಗಿದು ನಿಂತುಬಿಡುತ್ತದೆ. ಇದು ಓಟೋಸ್ಕ್ಲೆರೋಸಿಸ್, ಇದಕ್ಕೆ ಆಪರೇಷನ್ ಇಲ್ಲವೇ ಹಿಯರಿಂಗ್ ಏಡ್.

ಇಎನ್‌ಟಿ ಡಾಕ್ಟರು 512 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕ್ ಎಂಬ ಲೋಹದ ಕವಲುಕಡ್ಡಿ ಬಡಿದು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತಾರೆ, ಆಮೇಲೆ ಕಿವಿಯ ಮುಂದೆ ಹಿಡಿಯುತ್ತಾರೆ. ಮಾಮೂಲಿಯಾಗಿ ಮುಂದೆ ಹಿಡಿದಾಗ ಜೋರು. ಮೂಳೆಯದೇ ಜೋರು ಅನ್ನಿಸಿದರೆ ದಾರಿಯಲ್ಲಿ ತಡೆ ಇದೆ ಎಂದು ಅನುಮಾನ. ಕೇಳುವುದು ಎಷ್ಟು ಕಮ್ಮಿಯಾಗಿದೆ ಅನ್ನುವುದನ್ನು ಆಡಿಯೋಗ್ರಾಂ, ಅಂದರೆ ಕೇಳುವ ಪರೀಕ್ಷೆಯ ನಕ್ಷೆ, ತೋರಿಸುತ್ತದೆ. ಹುಟ್ಟಿನಿಂದಲೇ ಕಿವಿಯ ತೂತು ಇಲ್ಲದವರಿಗೆ ಮೂಳೆಯ ಮೂಲಕವೇ ಸದ್ದು ಕಳಿಸುವ ಹಿಯರಿಂಗ್ ಏಡ್‌ಗಳೂ ಇವೆ.

ಒಂದು ಎಚ್ಚರ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೇ ಹೋದರೆ ಗುಗ್ಗೆಯೇ ಇರಬೇಕು ಅಂತ ವಾರ ಕಾಯಬೇಡಿ. ತೊಂದರೆ ಒಳಗಿವಿಯದೋ ನರದ್ದೋ ಆಗಿದ್ದರೆ ಬೇಗ ಶುರುಮಾಡಿದ ಔಷಧಿಯೇ ಕೆಲಸ ಮಾಡುವುದು. ಅವತ್ತೇ ತೋರಿಸಿ.