ವೀಲ್ ಅಲೈನ್‌ಮೆಂಟ್: ಟೋ, ಕ್ಯಾಂಬರ್, ಕ್ಯಾಸ್ಟರ್ ಎಂದರೇನು, ಪ್ರಿಂಟ್‌ಔಟ್ ಓದುವುದು ಹೇಗೆ?

ಗಾಡಿಯ ನಾಲ್ಕು ಚಕ್ರಗಳು ನೆಲಕ್ಕೆ, ಒಂದಕ್ಕೊಂದು ಮತ್ತು ಗಾಡಿಯ ನಡುಗೆರೆಗೆ ಯಾವ ಕೋನದಲ್ಲಿ ನಿಂತಿರಬೇಕು ಎಂದು ತಯಾರಕರು ಪ್ರತಿ ಮಾಡೆಲ್‌ಗೂ ನಿಗದಿ ಮಾಡಿರುತ್ತಾರೆ. ಆ ಕೋನಗಳನ್ನು ಅಳೆದು, ತಪ್ಪಿದ್ದರೆ ಸರಿಪಡಿಸುವ ಕೆಲಸವೇ ವೀಲ್ ಅಲೈನ್‌ಮೆಂಟ್. ಸ್ಪ್ಯಾನರ್ ಬೀಳುವುದು ಚಕ್ರಕ್ಕಲ್ಲ, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ಗೆ ಮತ್ತು ಸಸ್ಪೆನ್ಷನ್ ಬೋಲ್ಟ್‌ಗಳಿಗೆ.

ಬ್ಯಾಲೆನ್ಸಿಂಗ್ ಇದಲ್ಲ. ಅದು ಟೈರು ಮತ್ತು ರಿಮ್‌ನ ಸುತ್ತ ತೂಕ ಸಮನಾಗಿ ಹಂಚಿಕೆಯಾಗುವಂತೆ ಸಣ್ಣ ತೂಕದ ತುಂಡುಗಳನ್ನು ಕೂರಿಸುವ ಕೆಲಸ. 80–100 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗಿ, ವೇಗ ಇಳಿಸಿದರೆ ನಿಂತುಹೋಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಬ್ಯಾಲೆನ್ಸಿಂಗನ್ನು. ಗಾಡಿ ಒಂದು ಕಡೆಗೆ ಎಳೆಯುವುದು, ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟಗಿರುವುದು, ಟೈರು ಒಂದೇ ಅಂಚಿನಲ್ಲಿ ಸವೆಯುವುದು ಅಲೈನ್‌ಮೆಂಟ್ ಕಡೆಯ ಲಕ್ಷಣಗಳು. ನಡುಗುತ್ತಿದೆ ಎಂದು ಹೋಗಿ ಬರೀ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದರೆ ನಡುಕ ಹಾಗೇ ಉಳಿಯುತ್ತದೆ.

ಮೂರು ಕೋನಗಳಲ್ಲಿ ಟೈರಿನ ಆಯುಸ್ಸನ್ನು ಹೆಚ್ಚು ತಿನ್ನುವುದು ಟೋ. ಮೇಲಿನಿಂದ ನೋಡಿದಾಗ ಎರಡು ಮುಂದಿನ ಚಕ್ರಗಳ ಮುಂಭಾಗ ಒಳಮುಖವಾಗಿದ್ದರೆ ಟೋ-ಇನ್, ಹೊರಮುಖವಾಗಿದ್ದರೆ ಟೋ-ಔಟ್. ಸಣ್ಣ ತಪ್ಪಿಗೂ ಇಲ್ಲಿ ದುಬಾರಿ ದಂಡ. ಟೈರಿನ ವ್ಯಾಸ 600 ಮಿ.ಮೀ. ಎಂದುಕೊಳ್ಳಿ. ಚಕ್ರಗಳ ಹಿಂಭಾಗದ ನಡುವಿನ ಅಂತರಕ್ಕಿಂತ ಮುಂಭಾಗದ ನಡುವಿನ ಅಂತರ 3 ಮಿ.ಮೀ. ಕಡಿಮೆ ಇದೆ. 600ಕ್ಕೆ 3 ಎಂದರೆ 200ರಲ್ಲಿ ಒಂದು ಪಾಲು. ಅಂದರೆ ಪ್ರತಿ ಕಿಲೋಮೀಟರಿಗೆ ಎರಡು ಟೈರುಗಳೂ ಸೇರಿ 5 ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತವೆ. ಕಣ್ಣಿಗೆ ಕಾಣದ 3 ಮಿ.ಮೀ., ಸಾವಿರ ಕಿಲೋಮೀಟರ್ ಓಡಿದರೆ 5 ಕಿಲೋಮೀಟರಿನ ಉಜ್ಜಾಟ.

ಈ ಉಜ್ಜಾಟ ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ಗಾಡಿ ನಿಲ್ಲಿಸಿ, ಟೈರು ತಣ್ಣಗಾದ ಮೇಲೆ ಟ್ರೆಡ್ (ನೆಲಕ್ಕೆ ತಾಗುವ ಭಾಗ) ಮೇಲೆ ಅಂಗೈಯನ್ನು ಅಡ್ಡಲಾಗಿ, ಒಳಗಿನಿಂದ ಹೊರಕ್ಕೂ ಹೊರಗಿನಿಂದ ಒಳಕ್ಕೂ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತರಚಿದರೆ ಟೋ ತಪ್ಪಿದೆ. ತಂತಿ ಹೊರಚಾಚಿದ ಟೈರಿಗೆ ಮಾತ್ರ ಕೈ ಹಾಕಬೇಡಿ. ಗಾಳಿಯ ತಪ್ಪಿನಿಂದಾದ ಸವೆತದ ಗುರುತೇ ಬೇರೆ: ಗಾಳಿ ಕಡಿಮೆಯಿದ್ದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ. ಅಲ್ಲಲ್ಲಿ ಗುಂಡಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ನೋಡಬೇಕು.

ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರದ ವಾಲುವಿಕೆ. ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ್ದರೆ ನೆಗೆಟಿವ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್. ತಿರುವಿನಲ್ಲಿ ಹಿಡಿತ ಸಿಗಲೆಂದು ಈಗಿನ ಬಹುತೇಕ ಕಾರುಗಳಲ್ಲಿ ಸ್ವಲ್ಪ ನೆಗೆಟಿವ್ ಕ್ಯಾಂಬರ್ ಇಟ್ಟಿರುತ್ತಾರೆ. ಅದು ಅತಿಯಾದರೆ ಟೈರಿನ ಒಳ ಅಂಚು ಸವೆಯುತ್ತದೆ. ನಿಂತು ನೋಡಿದರೆ ಹೊರ ಅಂಚು ಮಾತ್ರ ಕಾಣುವುದರಿಂದ ಇದು ಬಹಳ ಸಲ ಪಂಕ್ಚರ್ ಆಗುವವರೆಗೂ ಗೊತ್ತಾಗುವುದಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ ಒಳ ಅಂಚು ನೋಡಿಕೊಳ್ಳಿ.

ಕ್ಯಾಸ್ಟರ್ ಪಕ್ಕದಿಂದ ನೋಡಬೇಕಾದ ಕೋನ: ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಅಕ್ಷದ ಮೇಲೆ ಎಡಬಲಕ್ಕೆ ತಿರುಗುತ್ತದೋ ಅದರ ಮೇಲ್ತುದಿ ಹಿಂದಕ್ಕೆ ಎಷ್ಟು ಒರಗಿದೆ ಎಂಬ ಲೆಕ್ಕ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಲು ಇದೇ ಮುಖ್ಯ ಕಾರಣ. ಕ್ಯಾಸ್ಟರ್‌ನಿಂದ ಟೈರು ಅಷ್ಟಾಗಿ ಸವೆಯುವುದಿಲ್ಲ, ಆದರೆ ಎಡ ಬಲ ವ್ಯತ್ಯಾಸವಾದರೆ ಗಾಡಿ ಕಡಿಮೆ ಕ್ಯಾಸ್ಟರ್ ಇರುವ ಕಡೆಗೆ ಎಳೆಯುತ್ತದೆ.

ಮುಂದಿನ ಟೋ ತಪ್ಪಿದರೆ ಸಾಮಾನ್ಯವಾಗಿ ಗಾಡಿ ಎಳೆಯುವುದಿಲ್ಲ. ಓಡುವಾಗ ಎರಡೂ ಚಕ್ರಗಳು ಆ ತಪ್ಪನ್ನು ಸಮನಾಗಿ ಹಂಚಿಕೊಂಡುಬಿಡುತ್ತವೆ, ಸ್ಟೀರಿಂಗ್ ಮಾತ್ರ ಸೊಟ್ಟಗಾಗಬಹುದು. ಹಾಗಾಗಿ ‘ಕೈ ಬಿಟ್ಟರೂ ನೇರ ಹೋಗುತ್ತೆ, ಅಲೈನ್‌ಮೆಂಟ್ ಸರಿಯಿದೆ’ ಎಂಬ ಮಾತು ನಂಬುವಂಥದ್ದಲ್ಲ. ಹಿಂದಿನ ಚಕ್ರಗಳ ಟೋ ಎಡ ಬಲ ಬೇರೆಯಾದರೆ ಗಾಡಿಯ ಹಿಂಭಾಗ ಓರೆಯಾಗಿ ತಳ್ಳುತ್ತದೆ. ಅದನ್ನು ತಡೆಯಲು ಸ್ಟೀರಿಂಗನ್ನು ಸದಾ ಸ್ವಲ್ಪ ತಿರುಗಿಸಿಯೇ ಹಿಡಿದಿರಬೇಕಾಗುತ್ತದೆ. ಈ ಓರೆಗೆ ಥ್ರಸ್ಟ್ ಆ್ಯಂಗಲ್ ಎನ್ನುತ್ತಾರೆ. ಅದಕ್ಕೇ ನಾಲ್ಕೂ ಚಕ್ರ ಅಳೆಯಬೇಕು, ಸರಿಪಡಿಸುವಾಗ ಹಿಂದಿನಿಂದ ಶುರು ಮಾಡಬೇಕು.

ಎಳೆತಕ್ಕೆ ಬೇರೆ ಕಾರಣಗಳೂ ಇವೆ: ಒಂದು ಟೈರಿನಲ್ಲಿ ಗಾಳಿ ಕಡಿಮೆ, ಬಿಡದೆ ಹಿಡಿದುಕೊಂಡ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತುವ ಭಾಗ), ನೀರು ಹರಿಯಲೆಂದು ಅಂಚಿಗೆ ಇಳಿಜಾರು ಕೊಟ್ಟ ರಸ್ತೆ, ಟೈರಿನದೇ ದೋಷ. ಟೈರಿನ ಅನುಮಾನವಿದ್ದರೆ ಮುಂದಿನ ಎರಡನ್ನು ಅದಲುಬದಲು ಮಾಡಿ ಓಡಿಸಿ (ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳಿಗೆ ಇದು ಆಗದು). ಎಳೆತ ಇನ್ನೊಂದು ಕಡೆಗೆ ತಿರುಗಿದರೆ ಕಳ್ಳ ಟೈರೇ.

ಯಂತ್ರಕ್ಕೆ ಹಾಕುವ ಮೊದಲು ಗಾಡಿಯ ಕೆಳಗೆ ನೋಡಲೇಬೇಕು. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಷ್ (ಕೀಲಿನ ರಬ್ಬರ್), ವೀಲ್ ಬೇರಿಂಗ್ ಇವು ಸಡಿಲವಾಗಿ ಅಲುಗಾಡುತ್ತಿದ್ದರೆ ಅಲೈನ್‌ಮೆಂಟ್ ಮಾಡಿಸಿಯೂ ಪ್ರಯೋಜನವಿಲ್ಲ. ಹರಿದ ಬುಷ್ ನಿಂತ ಗಾಡಿಯಲ್ಲಿ ಸರಿಯಾದ ಅಂಕಿಯನ್ನೇ ತೋರಿಸಬಹುದು. ಆದರೆ ಬ್ರೇಕ್ ಒತ್ತಿದೊಡನೆ ಚಕ್ರ ಜರುಗಿ ಟೋ ಬದಲಾಗುತ್ತದೆ. ನಾಲ್ಕೂ ಟೈರಿಗೆ ನಿಗದಿತ ಗಾಳಿ ಹಾಕಿಸಿ, ಡಿಕ್ಕಿಯಲ್ಲಿ ಭಾರದ ಸಾಮಾನಿದ್ದರೆ ಇಳಿಸಿ.

ಕೆಲಸದ ಕ್ರಮ ಹೀಗಿರಬೇಕು. ಮುಂದಿನ ಚಕ್ರಗಳನ್ನು ತಿರುಗುವ ತಟ್ಟೆಗಳ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಸೆನ್ಸರ್ ಅಥವಾ ಕ್ಯಾಮೆರಾಕ್ಕೆ ಕಾಣುವ ಫಲಕ ಕಚ್ಚಿಸಿ, ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸುತ್ತಾರೆ. ರಿಮ್ ತುಸು ಬಾಗಿದ್ದರೂ ಲೆಕ್ಕ ತಪ್ಪದಿರಲು ಈ ಉರುಳಿಕೆ ಬೇಕು. ಕ್ಯಾಸ್ಟರ್ ಅಳೆಯಲು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾರೆ. ಕ್ಯಾಸ್ಟರ್, ಕ್ಯಾಂಬರ್ ಮೊದಲು, ಟೋ ಕೊನೆಗೆ, ಏಕೆಂದರೆ ಮೊದಲಿನವು ಬದಲಾದರೆ ಟೋ ಕೂಡ ಬದಲಾಗುತ್ತದೆ. ಸ್ಟೀರಿಂಗನ್ನು ನೇರಕ್ಕೆ ಲಾಕ್ ಮಾಡಿ, ಟೈ ರಾಡ್‌ನ ಲಾಕ್ ನಟ್ ಸಡಿಲಿಸಿ ರಾಡನ್ನು ತಿರುಗಿಸುತ್ತಾರೆ. ನಟ್ ಬಿಗಿಯುವಾಗ ರಾಡ್ ತುಸು ಜರುಗಬಹುದು. ಬಿಗಿದ ಮೇಲೆ ಮತ್ತೊಮ್ಮೆ ಅಂಕಿ ನೋಡದವರು ಅರ್ಧ ಕೆಲಸ ಮಾಡಿದಂತೆ.

ಬಹಳ ಕಾರುಗಳಲ್ಲಿ ಮುಂದೆ ಟೋ ಮಾತ್ರ ಹೊಂದಿಸಬಹುದು. ಕ್ಯಾಂಬರ್ ತಪ್ಪಿದ್ದರೆ ಬಾಗಿದ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ), ಆರ್ಮ್ ಅಥವಾ ಸ್ಟೀರಿಂಗ್ ನಕಲ್ (ಚಕ್ರ ಕೂರುವ ಲೋಹದ ಭಾಗ) ಹುಡುಕಿ ಬದಲಿಸುವುದೇ ದಾರಿ. ಜ್ಯಾಕ್ ಕೊಟ್ಟು ಸ್ಟ್ರಟ್ಟನ್ನೇ ಬಾಗಿಸಿ ಅಂಕಿ ಸರಿ ಮಾಡುವ ಪದ್ಧತಿಗೆ ಒಪ್ಪಬೇಡಿ. ಅದರೊಳಗಿನ ಶಾಕ್ ಅಬ್ಸಾರ್ಬರ್ ಸಿಕ್ಕಿಕೊಂಡು ಬೇಗ ಸೋರುತ್ತದೆ.

ಮೊದಲು ಮತ್ತು ನಂತರದ ಅಂಕಿಗಳಿರುವ ಪ್ರಿಂಟ್‌ಔಟ್ ಕೇಳಿ ಪಡೆಯಿರಿ. ಮಿತಿಯೊಳಗಿನ ಅಂಕಿಯನ್ನು ಅದರಲ್ಲಿ ಹಸಿರಾಗಿ ತೋರಿಸುತ್ತಾರೆ, ಆದರೆ ಎಲ್ಲ ಹಸಿರಿದ್ದರೆ ಎಲ್ಲ ಸರಿ ಎಂದಲ್ಲ. ಕ್ಯಾಂಬರ್ ಮಿತಿ 0°ಯಿಂದ −1°10′ ಎಂದಿರಲಿ (° ಎಂದರೆ ಡಿಗ್ರಿ, ′ ಎಂದರೆ ಮಿನಿಟ್; 60 ಮಿನಿಟ್‌ಗೆ ಒಂದು ಡಿಗ್ರಿ). ಎಡ ಕ್ಯಾಂಬರ್ −0°10′, ಬಲ −1°00′ ಬಂದರೆ ಎರಡೂ ಹಸಿರು. ಆದರೆ ನಡುವಿನ ವ್ಯತ್ಯಾಸ 50 ಮಿನಿಟ್. ಸಾಮಾನ್ಯವಾಗಿ ಎಡ ಬಲ ವ್ಯತ್ಯಾಸ 30 ಮಿನಿಟ್ ದಾಟಬಾರದು. ಈ ಗಾಡಿ ಎಡಕ್ಕೆ ಎಳೆದರೆ ಆಶ್ಚರ್ಯವಿಲ್ಲ. ಇನ್ನೊಂದು ಎಡವಟ್ಟು ಅಂಕಿ ಬರೆಯುವ ರೀತಿಯಲ್ಲಿದೆ. 0°30′ ಎಂದರೆ ಅರ್ಧ ಡಿಗ್ರಿ, 0.30° ಎಂದರೆ ಬರೀ 18 ಮಿನಿಟ್. ಮ್ಯಾನ್ಯುಅಲ್ ಒಂದರಲ್ಲಿ, ಯಂತ್ರ ಇನ್ನೊಂದರಲ್ಲಿ ತೋರಿಸುತ್ತಿದ್ದರೆ ಹೋಲಿಸುವ ಮುನ್ನ ಲೆಕ್ಕ ಸರಿಮಾಡಿಕೊಳ್ಳಿ.

ಎಷ್ಟು ದಿನಕ್ಕೊಮ್ಮೆ? 10,000 ಕಿ.ಮೀ.ಗೊಮ್ಮೆ ಪರೀಕ್ಷೆ ಸಾಕು, ರಸ್ತೆ ಹಾಳಿದ್ದರೆ 5,000. ಅಂಕಿ ಮಿತಿಯೊಳಗಿದ್ದರೆ ಏನನ್ನೂ ತಿರುಗಿಸಬೇಕಾಗಿಲ್ಲ. ಹೊಸ ಟೈರು ಹಾಕಿಸಿದಾಗ, ಗುಂಡಿಗೋ ಡಿವೈಡರ್‌ಗೋ ಜೋರಾಗಿ ಬಡಿದಾಗ, ಟೈ ರಾಡ್ ಎಂಡ್, ಲೋವರ್ ಆರ್ಮ್, ಸ್ಟ್ರಟ್ ಬದಲಿಸಿದಾಗ ಕಿಲೋಮೀಟರ್ ಲೆಕ್ಕ ಬಿಟ್ಟು ಅಂದೇ ಮಾಡಿಸಿ.

ಹಣ ಕೊಡುವ ಮೊದಲು ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಎರಡೂ ಚಕ್ರ ಸೇರಿದ ಟೋ ಮೊತ್ತ ಸರಿಯಿದ್ದೂ ಸ್ಟೀರಿಂಗ್ ಸೊಟ್ಟಗಿದ್ದರೆ ಒಂದು ಟೈ ರಾಡನ್ನು ಉದ್ದ ಮಾಡಿದಷ್ಟೇ ಇನ್ನೊಂದನ್ನು ಗಿಡ್ಡ ಮಾಡಬೇಕು. ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ ನೇರ ಕೂರಿಸಿ ಕೊಟ್ಟರೆ ತಪ್ಪು ಅಲ್ಲೇ ಉಳಿಯುತ್ತದೆ. ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಹಲವು ಗಾಡಿಗಳಲ್ಲಿ ಸ್ಟೀರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರ್ ಹಾಕಿ ಸೊನ್ನೆಗೆ ತರುವುದೂ ಈ ಕೆಲಸದೊಳಗೇ ಸೇರುತ್ತದೆ.