ಇಂದು ರಾತ್ರಿ ಇಲ್ಲಿ ಯಾರು ಮಲಗಿದ್ದಾರೆ?

ಪುಣೆಯ ಪಶ್ಚಿಮಕ್ಕಿರುವ ಮುಳಶಿ, ಮಾವಳ, ಭೋರ್ ತಾಲ್ಲೂಕುಗಳ ಬೆಟ್ಟದ ಊರುಗಳಲ್ಲಿ ಇಳಿಜಾರುಗಳನ್ನು ಪರೀಕ್ಷಿಸುವುದು ಭೂತಾಂತ್ರಿಕ ಎಂಜಿನಿಯರನಾದ ನನ್ನ ವೃತ್ತಿ. ಮಳೆಗಾಲಕ್ಕೆ ಮೊದಲು ಊರಿನವರು ನನ್ನನ್ನು ಕರೆಸಿಕೊಳ್ಳುವುದು ಯಾವ ಗುಡ್ಡ ಬೀಳುತ್ತದೆ ಎಂದು ತಿಳಿಯಲು. ಆದರೆ ನಾನು ಪಂಚಾಯತಿ ಕಾರ್ಯದರ್ಶಿಯಾದ ಗ್ರಾಮಸೇವಕರನ್ನು ಮೊದಲು ಕೇಳುವುದು ಇಂದು ರಾತ್ರಿ ಈ ಊರಿನಲ್ಲಿ ಎಷ್ಟು ಜನ ಮಲಗುತ್ತಾರೆ, ಯಾವ ಯಾವ ಮನೆಯಲ್ಲಿ, ಎಂಬ ಪ್ರಶ್ನೆಯನ್ನು. ಅವರು ಸಾಮಾನ್ಯವಾಗಿ ಮತದಾರರ ಪಟ್ಟಿಯನ್ನು ತೆಗೆದು ಮುಂದಿಡುತ್ತಾರೆ. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ.

ರಾಯಗಡ ಜಿಲ್ಲೆಯ ಖಾಲಾಪುರ ತಾಲ್ಲೂಕಿನ ಇರ್ಶಾಳವಾಡಿಯ ಮೇಲೆ 2023ರ ಜುಲೈ 19ರ ರಾತ್ರಿ ಗುಡ್ಡ ಕುಸಿಯಿತು. ಕುಸಿತದ ಅಪಾಯವಿರುವ ಊರುಗಳ ಸರ್ಕಾರಿ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಮೇಲಕ್ಕೆ ರಸ್ತೆಯಿಲ್ಲದ ಕಾರಣ ಯಂತ್ರಗಳು ಬುಡದಲ್ಲೇ ಉಳಿದವು; ರಕ್ಷಣಾ ಸಿಬ್ಬಂದಿಯೂ ಚಾರಣಿಗರೂ ಕತ್ತಲಲ್ಲಿ, ಮಳೆಯಲ್ಲಿ ಕಾಲ್ನಡಿಗೆಯಲ್ಲೇ ಹತ್ತಿ ಕೈಯಿಂದ ಮಣ್ಣು ಅಗೆಯಬೇಕಾಯಿತು. ನಾಲ್ಕು ದಿನಗಳ ಬಳಿಕ ಶೋಧ ನಿಲ್ಲಿಸಿದಾಗ 27 ಶವಗಳು ಸಿಕ್ಕಿದ್ದವು, 57 ಮಂದಿಯ ಸುಳಿವಿರಲಿಲ್ಲ. ಊರಿನ ಕೆಲವು ಮಕ್ಕಳು ಆಶ್ರಮಶಾಲೆಗಳಲ್ಲಿದ್ದುದರಿಂದ ಉಳಿದರು. ಆ ರಾತ್ರಿ ಮನೆಯಲ್ಲಿದ್ದವರು ಯಾರು, ಹೊರಗಿದ್ದವರು ಯಾರು ಎಂಬುದು ಗೊತ್ತಿಲ್ಲದೆ ಎಲ್ಲಿ ಅಗೆಯಬೇಕು ಎಂದು ನಿರ್ಧರಿಸುವುದಾದರೂ ಹೇಗೆ? ಪುಣೆ ಜಿಲ್ಲೆಯದೇ ಆದ ಮಾಳೀಣದಲ್ಲಿ 2014ರ ಜುಲೈ 30ರ ಬೆಳಿಗ್ಗೆ ಸುಮಾರು 150 ಜನ ಮಣ್ಣಿನಡಿ ಸಿಲುಕಿ ಸತ್ತಾಗ, ಹೊರಗಿನವರಿಗೆ ಸುದ್ದಿ ಮುಟ್ಟಿದ್ದು ಆ ದಾರಿಯಲ್ಲಿ ಬಂದ ಎಸ್‌ಟಿ ಬಸ್ಸಿನ ಚಾಲಕನಿಂದ. ಊರಿರಬೇಕಾದ ಜಾಗದಲ್ಲಿ ಆ ಚಾಲಕನಿಗೆ ಊರು ಕಾಣಲಿಲ್ಲ.

ರಾಯಗಡ ಜಿಲ್ಲೆಯದೇ ಆದ ಮಹಾಡ ತಾಲ್ಲೂಕಿನ ತಳಿಯೆ ಊರಿನ ಮೇಲೆ ಗುಡ್ಡ ಕುಸಿದದ್ದು 2021ರ ಜುಲೈ 22ರಂದು. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಈ ಮೂರೂ ಪುಷ್ಯ ಮಳೆಯ ಆಸುಪಾಸಿನಲ್ಲಿ ನಡೆದವು, ಮತ್ತು ಅದಕ್ಕೆ ಕಾರಣವಿದೆ. ಸಹ್ಯಾದ್ರಿಯ ಕಪ್ಪುಕಲ್ಲಿನ ಮೇಲೆ ಶಿಥಿಲಗೊಂಡ ಮುರುಮು ಮಣ್ಣಿನ ಹೊದಿಕೆಯಿದೆ. ಆರಿದ್ರೆ, ಪುನರ್ವಸು ಮಳೆಗಳ ನೀರು ಕುಡಿದು ಅದು ಆಗಲೇ ತೊಯ್ದು ಭಾರವಾಗಿರುತ್ತದೆ. ಆ ಮೇಲೆ ಸುರಿಯುವ ಜಡಿಮಳೆಯ ನೀರು ಕೆಳಗಿನ ಬಂಡೆಯೊಳಗೆ ಇಳಿಯಲಾಗದೆ ಮಣ್ಣಿನ ಸಂದುಗಳಲ್ಲೇ ಒತ್ತಡ ಹೆಚ್ಚಿಸಿ, ಮಣ್ಣಿಗೂ ಬಂಡೆಗೂ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ದಿನವೊಂದಕ್ಕೆ 204.4 ಮಿ.ಮೀ. ಮೀರಿದ ಮಳೆಯನ್ನು ಹವಾಮಾನ ಇಲಾಖೆ ಅತ್ಯಂತ ಭಾರಿ ಮಳೆಯೆಂದು ವರ್ಗೀಕರಿಸುತ್ತದೆ. 200 ಮಿ.ಮೀ. ಎಂದರೆ ಒಂದು ಎಕರೆಯ ಮೇಲೆ ಸುಮಾರು ಎಂಟು ಲಕ್ಷ ಲೀಟರ್ ನೀರು, ಅಂದರೆ ಪುಣೆಯ ವಸತಿ ಸೊಸೈಟಿಗಳಿಗೆ ಬೇಸಿಗೆಯಲ್ಲಿ ಬರುವ ಹತ್ತು ಸಾವಿರ ಲೀಟರಿನ ಎಂಬತ್ತು ಟ್ಯಾಂಕರ್. ಅದೆಲ್ಲವೂ ಇಂಗುವುದಿಲ್ಲ, ನಿಜ. ಆದರೆ ಇಂಗುವ ಪಾಲೇ ಸಾಕು.

ಸಿದ್ಧತೆ ಎಂದರೆ ಸೈರನ್ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಕೆಲವು ವರ್ಷಗಳ ಹಿಂದೆ ಮುಳಶಿಯ ಒಂದು ಊರಿನಲ್ಲಿ ಮಧ್ಯಾಹ್ನ ಅಣಕು ಕವಾಯತು ನಡೆಸಿ, ಎಲ್ಲರೂ ಹತ್ತೇ ನಿಮಿಷದಲ್ಲಿ ಶಾಲೆಯ ಅಂಗಳ ಸೇರಿದರೆಂದು ಸಂತೋಷಪಟ್ಟು ಮರಳಿದ್ದೆ. ಅದೇ ವರ್ಷದ ಆಷಾಢದ ಒಂದು ರಾತ್ರಿ ಮೇಲಿನ ಗದ್ದೆಯಲ್ಲಿ ಬಿರುಕು ಕಾಣಿಸಿ ಜನ ಶಾಲೆಗೆ ಓಡಿದರೆ ಬಾಗಿಲಿಗೆ ಬೀಗ. ಬೀಗದ ಕೈ ಹದಿನೈದು ಕಿಲೋಮೀಟರ್ ದೂರದಲ್ಲಿ ಮಲಗಿದ್ದ ಮಾಸ್ತರರ ಬಳಿ. ವಿದ್ಯುತ್ ಹೋಗಿ ಕೆಲವು ಗಂಟೆಗಳಾಗಿದ್ದುದರಿಂದ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದಿತ್ತು, ಸೈರನ್ನೂ ಕೂಗಲಿಲ್ಲ. ಒಬ್ಬ ಅಜ್ಜಿ ಎಮ್ಮೆಯನ್ನು ಬಿಟ್ಟು ಬರಲು ಒಪ್ಪದೆ ಕೊಟ್ಟಿಗೆಯಲ್ಲೇ ಕುಳಿತರು. ಅದೃಷ್ಟಕ್ಕೆ ಬಿರುಕು ಬಿರುಕಾಗಿಯೇ ಉಳಿಯಿತು. ಹಗಲಿನ ಕವಾಯತಿನಲ್ಲಿ ಬೀಗದ ಪ್ರಶ್ನೆ ಏಳುವುದೇ ಇಲ್ಲ ಎಂಬುದು ನನಗೆ ಹೊಳೆಯದೆ ಹೋದದ್ದು ನನ್ನ ತಪ್ಪು. ಈಗ ಬೆಳಗಿನ ಜಾವಕ್ಕೆ ಮೊದಲು, ಕರೆಂಟು ತೆಗೆಸಿ, ಶಂಖ ಮತ್ತು ದೇವಸ್ಥಾನದ ಗಂಟೆಯಿಂದಲೇ ಕವಾಯತು ಮಾಡಿಸುತ್ತೇನೆ. ದನಗಳ ಹಗ್ಗ ಬಿಚ್ಚುವ ಕೆಲಸಕ್ಕೆ ಇಬ್ಬರು ಹುಡುಗರನ್ನು ಪ್ರತ್ಯೇಕವಾಗಿ ನೇಮಿಸುತ್ತೇವೆ.

ಆ ರಾತ್ರಿಯೇ ತಿಳಿದ ಇನ್ನೊಂದು ಸಂಗತಿ ಕನ್ನಡಿಗರಾದ ನಮಗೆ ಹತ್ತಿರದ್ದು. ಊರ ಮೇಲ್ಭಾಗದ ವಾರಾಂತ್ಯದ ಬಂಗಲೆಗಳನ್ನು ಕಾಯುವವರು, ಹೊಸ ಪ್ಲಾಟುಗಳಿಗೆ ಗುಡ್ಡ ಕಡಿಯುವವರು ಹೆಚ್ಚಾಗಿ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ಕುಟುಂಬಗಳು. ಅವರ ತಗಡಿನ ಶೆಡ್‌ಗಳಿರುವುದು ಕಡಿದ ಗುಡ್ಡದ ಬುಡದಲ್ಲೇ. ಮತದಾರರ ಪಟ್ಟಿಯಲ್ಲಾಗಲಿ ಪಡಿತರ ಪಟ್ಟಿಯಲ್ಲಾಗಲಿ ಅವರಿಲ್ಲ. ಮರಾಠಿಯಲ್ಲಿ ಸಾರಿದ ಡಂಗುರ ಹೊಸದಾಗಿ ಬಂದವರಿಗೆ ಅರ್ಥವಾಗುವುದೂ ಇಲ್ಲ. 2019ರ ಜೂನ್ ಕೊನೆಯಲ್ಲಿ ಪುಣೆ ನಗರದ ಕೊಂಢವಾದಲ್ಲಿ ಆವರಣ ಗೋಡೆ ಕುಸಿದು ಸತ್ತ 15 ಮಂದಿಯೂ ಹೀಗೆ ಗೋಡೆಯ ಪಕ್ಕದ ಶೆಡ್‌ಗಳಲ್ಲಿ ಮಲಗಿದ್ದ ಹೊರರಾಜ್ಯದ ಕೂಲಿಕಾರರ ಕುಟುಂಬದವರೇ.

ಬಂಗಲೆಗಳ ಒಡೆಯರಲ್ಲಿ ಪುಣೆಯ ಕನ್ನಡಿಗರೂ ಇದ್ದಾರೆ. ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾದ ಬಾಗಲಕೋಟೆಯ ಹಿರಿಯರೊಬ್ಬರನ್ನು ಗ್ರಾಮಸಭೆಗೆ ಬನ್ನಿ ಎಂದು ಕರೆದಾಗ, “ನಾವೇನು ಕಾಯಂ ಇರಾವ್ರೇನ್ರಿ? ಶನಿವಾರ ಬರ್ತೀವಿ, ಆಯಿತ್ವಾರ ಹೊಕ್ಕೀವಿ” ಎಂದರು. ಮತದಾರರಲ್ಲದವರಿಗೆ ಗ್ರಾಮಸಭೆಯಲ್ಲಿ ಮತವಿಲ್ಲ ಎಂಬುದು ಸರಿ. ಆದರೆ ಘರಪಟ್ಟಿ ಎಂಬ ಮನೆ ತೆರಿಗೆ ಕಟ್ಟುವವರು, ತಮ್ಮ ಕಾರು ನಿಲ್ಲಲು ಇಳಿಜಾರಿನ ಬುಡ ಕಡಿಸಿದವರು, ನೀರು ಹೊರಹೋಗಲು ತೂತುಗಳನ್ನೇ ಬಿಡದೆ ಕಲ್ಲುಗೋಡೆ ಕಟ್ಟಿಸಿದವರು ಮೇ 1ರ ಮಹಾರಾಷ್ಟ್ರ ದಿನದ ಸಭೆಯಲ್ಲಿ ಹಿಂದಿನ ಸಾಲಿನಲ್ಲಾದರೂ ಕುಳಿತು ಊರಿನವರ ಮಾತು ಕೇಳಬೇಕು. ಮಳೆಗೆ ಒಂದು ತಿಂಗಳು ಮೊದಲಿನ ಸಭೆಯದು. ಹಳ್ಳದ ಹೂಳು ತೆಗೆಸುವುದಕ್ಕೂ ಗೋಡೆಗೆ ತೂತು ಕೊರೆಸುವುದಕ್ಕೂ ಇನ್ನೂ ಸಮಯವಿರುತ್ತದೆ. ಆ ಹಿರಿಯರು ಮರುವರ್ಷ ಬಂದರು, ತಮ್ಮ ಯಾದಗಿರಿಯ ವಾಚ್‌ಮನ್‌ನನ್ನೂ ಕರೆತಂದರು.

ಊರಿಗೆ ಬೇಕಾದ ಉಪಕರಣಗಳು ಅಗ್ಗದವು. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಸಪಾಟು ತಳದ ಡಬ್ಬಿಯನ್ನು ಬಯಲಲ್ಲಿಟ್ಟು ಅಳತೆಪಟ್ಟಿಯಿಂದ ಅಳೆದರೆ ಮಳೆಯ ಲೆಕ್ಕ ಸಿಗುತ್ತದೆ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಂತರವನ್ನು ದಿನವೂ ಬರೆದಿಟ್ಟರೆ ಗುಡ್ಡ ಸರಿಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಝರಿಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಅಥವಾ ಮಳೆ ಸುರಿಯುತ್ತಿದ್ದರೂ ನಿಂತೇ ಹೋದರೆ, ಯಾರ ಅಪ್ಪಣೆಗೂ ಕಾಯದೆ ಏಳಬೇಕು. ಕಷ್ಟವಿರುವುದು ಇವನ್ನು ರಾತ್ರಿ ಎರಡು ಗಂಟೆಗೆ ನೋಡುವವರು ಯಾರು ಎಂಬಲ್ಲಿ. ಊರಿನ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸುವ ಪೊಲೀಸ್ ಪಾಟೀಲರೂ ಪಂಚಾಯತಿ ಅಧ್ಯಕ್ಷರಾದ ಸರಪಂಚರೂ ಆಗ ನಿದ್ದೆಯಲ್ಲಿರುತ್ತಾರೆ.

ಇಡೀ ಊರಿನಲ್ಲಿ ರಾತ್ರಿ ಎಚ್ಚರವಿರುವುದಕ್ಕೇ ಸಂಬಳ ಪಡೆಯುವ ಮನುಷ್ಯನ ಹೆಸರು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಈಗ ಆ ಊರಿನ ಶಾಲೆಯ ಬೀಗಕ್ಕೆ ಮೂರು ಕೈಗಳಿವೆ: ಒಂದು ಪೊಲೀಸ್ ಪಾಟೀಲರ ಬಳಿ, ಒಂದು ಅಂಗನವಾಡಿ ಬಾಯಿಯವರ ಬಳಿ, ಮೂರನೆಯದು ಯಾದಗಿರಿಯ ಆ ವಾಚ್‌ಮನ್‌ನ ಸೊಂಟದ ಉಡದಾರದಲ್ಲಿ. ಮಳೆಯ ಡಬ್ಬಿಯೂ ಅವನ ಶೆಡ್ಡಿನ ಎದುರಿಗಿದೆ, ಆ ಶೆಡ್ಡನ್ನು ಗುಡ್ಡದ ಬುಡದಿಂದ ಸರಿಸಿದ ಮೇಲೆ.